ಸಾರಸದ ಕುಣಿತಕ್ಕೊಂದು ಮರೆ: 38 ದಿನದ ಲೆಕ್ಕ

ಸಾರಸ ಅನ್ನುವ ದೊಡ್ಡ ಹಕ್ಕಿಯ ಕುಣಿತವನ್ನು ಅವಿತು ಕೂತು ತೆಗೆದ ಫೋಟೊ 4,100 ಚಿಲ್ಲರೆ. ಇಟ್ಟುಕೊಂಡಿದ್ದು 11. ಆ 11ರ ಕತೆಗಿಂತ ಉಳಿದವು ಹೇಗೆ ಕೆಟ್ಟವು ಅನ್ನುವ ಕತೆಯೇ ಇಲ್ಲಿ ಜಾಸ್ತಿ ಇದೆ. ಮೊದಲೇ ಹೇಳಿಬಿಡುತ್ತೇನೆ.

ನನ್ನ ಊರು ತಿಪಟೂರು ಕಡೆ. ಕೆಲಸ ಗುಜರಾತಿನ ಆನಂದ್‌ನಲ್ಲಿ. ಇಲ್ಲಿಂದ ಬೈಕಿನಲ್ಲಿ ಒಂದು ಗಂಟೆ ಹೋದರೆ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕು. ಮಹಿ ಕಾಲುವೆ ನೀರು, ಭತ್ತದ ಗದ್ದೆ, ಪರಿಯೇಜ್ ಕೆರೆ. ಬೇಸಿಗೆಯಲ್ಲಿ ಸಾರಸಗಳು ಕೆರೆಗಳ ಸುತ್ತ ಗುಂಪಾಗಿರುತ್ತವೆ. ಮಳೆ ಹತ್ತಿರ ಬಂದಂತೆ ಜೋಡಿ ಜೋಡಿಯಾಗಿ ತಮ್ಮ ತಮ್ಮ ಗದ್ದೆ ಹಿಡಿಯುತ್ತವೆ. ಕುಣಿತ ಜಾಸ್ತಿ ಕಾಣುವುದು ಆಗಲೇ.

ಊರಿಗೆ ಫೋನ್ ಮಾಡಿದಾಗ ಅಮ್ಮ, "ಕೊಕ್ಕರೆ ನೋಡೋಕೆ ಅಷ್ಟು ದೂರ ಹೋಗ್ತೀಯಾ? ಕೊಕ್ಕರೆ ಬೆಳ್ಳೂರಲ್ಲೇ ಇಲ್ವಾ?" ಅಂದರು. ಉದ್ದ ಕಾಲಿದ್ದರೆ ನಮಗೆ ಎಲ್ಲವೂ ಕೊಕ್ಕರೆಯೇ. ಆದರೆ ಬೆಳ್ಳೂರಿನ ಬಣ್ಣದ ಕೊಕ್ಕರೆ ಮರದ ಮೇಲೆ ಗೂಡು ಕಟ್ಟುತ್ತದೆ. ಸಾರಸ ಮರ ಹತ್ತುವುದೇ ಇಲ್ಲ. ನಿಲ್ಲುವುದು, ಮಲಗುವುದು, ಮೊಟ್ಟೆ ಇಡುವುದು ಎಲ್ಲ ನೆಲದಲ್ಲೇ, ನೀರಲ್ಲೇ. ನಿಂತರೆ ಹತ್ತಿರ ಹತ್ತಿರ ಆರು ಅಡಿ, ರೆಕ್ಕೆ ಬಿಚ್ಚಿದರೆ ಎಂಟು ಅಡಿ. ಹಾರುವ ಹಕ್ಕಿಗಳಲ್ಲಿ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಈ ಅಳತೆ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ, ಅದರ ದಂಡ ಮುಂದೆ ಬರುತ್ತದೆ.

ಜೂನ್ 3: ಜಾಗ

ಜಾಗದ ಹೆಸರು ಬರೆಯುವುದಿಲ್ಲ. ಗದ್ದೆಯ ಯಜಮಾನರನ್ನು ನಾನು ಕಾಕಾ ಅನ್ನುತ್ತೇನೆ. ಅವರ ಗದ್ದೆಯ ಮೂಲೆಯಲ್ಲಿ ಕಾಲುವೆ ನೀರು ಬಸಿದು ನಿಂತ ಒಂದು ಜೌಗು ಇದೆ, ಅರ್ಧ ಎಕರೆ ಇರಬಹುದು. ಜೊಂಡು, ಮೊಣಕಾಲುದ್ದ ನೀರು. ಒಂದು ಜೋಡಿ ಅಲ್ಲೇ ಗೆಡ್ಡೆ ಕೆದಕುತ್ತಿತ್ತು.

"ನಾಲ್ಕು ವರ್ಷದಿಂದ ಇವೇ ಬರ್ತಾವೆ. ಫೋಟೊ ತೆಗೀರಿ ಭಾಯ್, ಓಡಿಸಬೇಡಿ ಅಷ್ಟೆ" ಅಂದರು ಕಾಕಾ. ಈ ಕಡೆ ಬಿಟ್ಟಿರದ ಗಂಡ-ಹೆಂಡತಿಗೆ 'ಸಾರಸ ಬೇಲಡಿ' ಅನ್ನುತ್ತಾರೆ, ಅಂದರೆ ಸಾರಸದ ಜೋಡಿ. ಹಾಗಾಗಿ ಹಕ್ಕಿಯ ಮೇಲೆ ಜನಕ್ಕೆ ಒಂಥರಾ ಮನೆಯವರ ಪ್ರೀತಿ.

ಅಳತೆ: ಬದುವಿನಿಂದ ಜೌಗಿನ ಮಧ್ಯಕ್ಕೆ ನನ್ನ ಹೆಜ್ಜೆಯಲ್ಲಿ 55, ಅಂದರೆ ಸುಮಾರು 40 ಮೀಟರ್. ಸೂರ್ಯ ಹುಟ್ಟುವುದು ಬದುವಿನ ಬೆನ್ನಿಗೆ, ಅಂದರೆ ಬೆಳಕು ಹಕ್ಕಿಯ ಮೇಲೆ ಸರಿಯಾಗಿ ಬೀಳುತ್ತದೆ.

ಜೂನ್ 5 ಮತ್ತು 6: ಮೊದಲನೇ ಹೈಡ್

ಹೈಡ್ ಅಂದರೆ ಅವಿತು ಕೂರುವ ಗೂಡಾರ. ನನ್ನ ನಕ್ಷೆ: ಉದ್ದ ಅಗಲ 4 ಅಡಿ, ಎತ್ತರ 5 ಅಡಿ, ಮುಕ್ಕಾಲು ಇಂಚಿನ ಪಿವಿಸಿ ಪೈಪು, ಮೇಲೆ ಹಸಿರು ಶೇಡ್ ನೆಟ್.

10 ಅಡಿಯ ಪೈಪ್ ಆರು, ತಲಾ 180, ಒಟ್ಟು 1,080 ರೂಪಾಯಿ. ಎರಡು ಪೈಪಿನಲ್ಲಿ 5 ಅಡಿಯ ನಾಲ್ಕು ಕಂಬ ಬಂದವು. ಉಳಿದ ನಾಲ್ಕರಲ್ಲಿ 4 ಅಡಿಯ ಎಂಟು ತುಂಡು. ಪ್ರತಿಯೊಂದರಲ್ಲೂ 2 ಅಡಿ ಮಿಕ್ಕಿತು. ಮೂರು ಕಡೆಗೆ ತಿರುಗುವ ಮೂಲೆ ಜಾಯಿಂಟ್ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಎಲ್ಬೋ (ಬಾಗಿದ ಜಾಯಿಂಟ್), ಒಂದು ಟೀ (T ಆಕಾರದ ಜಾಯಿಂಟ್), ಮಧ್ಯೆ ಎರಡು ಇಂಚಿನ ತುಂಡು ಸೇರಿಸಿ ಮೂಲೆ ಮಾಡಿಕೊಂಡೆ. ಮಿಕ್ಕಿದ 2 ಅಡಿ ತುಂಡುಗಳು ಇಲ್ಲಿ ಕೆಲಸಕ್ಕೆ ಬಂದವು. 16 ಫಿಟ್ಟಿಂಗ್, 320 ರೂಪಾಯಿ. ನೆಟ್ 450, ಕಟ್ಟುವ ಪ್ಲಾಸ್ಟಿಕ್ ಟೈ 60. ಒಟ್ಟು 1,910.

ಬಿಚ್ಚಿ ಜೋಡಿಸಬೇಕಲ್ವಾ ಅಂತ ಜಾಯಿಂಟ್‌ಗೆ ಸಲ್ಯೂಷನ್ (ಪೈಪಿನ ಅಂಟು) ಹಾಕಲಿಲ್ಲ. ಮನೆಯ ಟೆರೇಸಿನಲ್ಲಿ ನಿಲ್ಲಿಸಿ ನೋಡಿದೆ. ಭರ್ಜರಿಯಾಗಿತ್ತು. ಟೆರೇಸಿನಲ್ಲಿ ಗಾಳಿ ಇರಲಿಲ್ಲ.

ಜೂನ್ 8: ಎಲ್ಲ ತಪ್ಪೂ ಒಂದೇ ದಿನ

ಬೆಳಗ್ಗೆ 5:10ಕ್ಕೆ ಕತ್ತಲಲ್ಲಿ ನಿಲ್ಲಿಸಿ ಒಳಗೆ ಕೂತೆ. ಬೆಳಕಾಗುವಷ್ಟರಲ್ಲಿ ಗಾಳಿ ಶುರು. ನೆಟ್ ಹಾಯಿಯ ಹಾಗೆ ಉಬ್ಬಿ ಪಟಪಟ ಹೊಡೆದುಕೊಂಡಿತು. 6:20ಕ್ಕೆ ಹಿಂದಿನ ಎಡ ಮೂಲೆ ಕಳಚಿತು. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕ್ಯಾಮೆರಾ.

ನಿನ್ನೆವರೆಗೆ ಏನೂ ಇಲ್ಲದ ಬಯಲು ಬದುವಿನ ಮೇಲೆ ಇವತ್ತು ಐದಡಿಯ ಹಸಿರು ಪೆಟ್ಟಿಗೆ. ಜೋಡಿ ಬಂತು, ನೋಡಿತು, ಜೌಗಿನ ಆಚೆ ದಡಕ್ಕೆ ನಡೆದು ಹೋಯಿತು. ನನ್ನಿಂದ 110 ಮೀಟರ್ ಇರಬಹುದು.

ಆಮೇಲೆ ಅಲ್ಲೇ ಕುಣಿಯಿತು! ಒಂದು ತಲೆ ಬಾಗಿಸಿತು, ರೆಕ್ಕೆ ಬಿಚ್ಚಿತು, ಎರಡು ಸಲ ನೆಗೆಯಿತು. ಇನ್ನೊಂದೂ ನೆಗೆಯಿತು. ಎಲ್ಲ ಸೇರಿ 20 ಸೆಕೆಂಡು. ನಾನು 300 ಫೋಟೊ ಹೊಡೆದೆ. ಮೊದಲ ದಿನವೇ ಗೆದ್ದೆ ಅಂದುಕೊಂಡು ದಾರಿಯಲ್ಲಿ ಜಿಲೇಬಿ ಗಾಂಠಿಯಾ ಕಟ್ಟಿಸಿಕೊಂಡು ಹೋದೆ.

ಜೂನ್ 9: ಅದು ಅಂಥ ಕುಣಿತ ಅಲ್ಲ

ಕಂಪ್ಯೂಟರಿನಲ್ಲಿ ಫೋಟೊಗಳನ್ನು ಸಾಲಾಗಿ ನೋಡಿದೆ. ಕುಣಿಯುವ ಮೊದಲಿನ ಚಿತ್ರದಲ್ಲಿ ಎರಡೂ ಕುತ್ತಿಗೆ ನೆಟ್ಟಗೆ ಕೋಲಿನಂತೆ. ನಾಲ್ಕೂ ಕಣ್ಣು ನನ್ನ ಲೆನ್ಸ್ ಕಡೆ. ಕುಣಿದ ಮೇಲಿನ ಚಿತ್ರದಲ್ಲೂ ಅದೇ. ನಡುವೆ ಒಂದೂ ಚಿತ್ರದಲ್ಲಿ ಒಂದು ಹಕ್ಕಿ ಇನ್ನೊಂದನ್ನು ನೋಡುತ್ತಿಲ್ಲ.

ಕಾಕಾಗೆ ಮೊಬೈಲಿನಲ್ಲಿ ತೋರಿಸಿದೆ. ಒಂದು ಕ್ಷಣ ನೋಡಿ ನಕ್ಕರು. "ಭಾಯ್, ಇದು ನಿಮಗೆ ಬೈತಾ ಇರೋದು."

ಸಾರಸ ಕುಣಿಯುವುದು ಪ್ರೀತಿಗೆ ಮಾತ್ರ ಅಲ್ಲ. ವರ್ಷದ ಯಾವ ಕಾಲದಲ್ಲೂ, ಯಾವ ವಯಸ್ಸಿನದ್ದೂ ಕುಣಿಯುತ್ತದೆ. ಗಾಬರಿ, ಸಿಟ್ಟು, ಏನು ಮಾಡಲಿ ಅಂತ ತೋಚದಿದ್ದಾಗಲೂ ಕುಣಿಯುತ್ತದೆ. ನಾಯಿ ಬಂದರೂ ಕುಣಿಯಬಹುದು, ಹಸಿರು ಪೆಟ್ಟಿಗೆ ಬಂದರೂ ಕುಣಿಯಬಹುದು. ನಾನು ತೆಗೆದಿದ್ದು ನಾನೇ ಎಬ್ಬಿಸಿದ ಗಲಾಟೆಯನ್ನು. 300 ಫೋಟೊನೂ ಅಳಿಸಿದೆ. ಜಿಲೇಬಿ ಮಾತ್ರ ಆಗಲೇ ಮುಗಿದಿತ್ತು.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಕುಣಿತಕ್ಕೂ ಮೂರು ಪ್ರಶ್ನೆ ಬರೆದುಕೊಂಡೆ. ಮೊದಲು ಏನು ಮಾಡುತ್ತಿದ್ದವು? ಯಾರನ್ನು ನೋಡುತ್ತಿದ್ದವು? ಮುಗಿದ ಮೇಲೆ ಮೇಯಲು ಹೋದವಾ, ಇಲ್ಲ ಕುತ್ತಿಗೆ ಸೆಟೆಸಿ ನಿಂತವಾ? ಮೂರನೆಯದಕ್ಕೆ 'ನಿಂತವು' ಅಂತ ಉತ್ತರ ಬಂದರೆ ಫೋಟೊ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಇದು ನಾನೇ ಮಾಡಿಕೊಂಡ ಅಳತೆ, ಶಾಸ್ತ್ರ ಅಲ್ಲ.

ಜೂನ್ 12ರಿಂದ 14: ಎರಡನೇ ಹೈಡ್

ಈ ಸಲ ಜಾಗವನ್ನು ಹಕ್ಕಿಯ ಕಣ್ಣಿಂದ ಆರಿಸಿದೆ. ಬದುವಿನ ಬಲತುದಿಯಲ್ಲಿ ಒಂದು ದೊಡ್ಡ ಪೊದೆ ಇದೆ. ನಮ್ಮ ಬಳ್ಳಾರಿ ಜಾಲಿ. ಇಲ್ಲಿ ಅದನ್ನು 'ಗಾಂಡೊ ಬಾವಳ' ಅನ್ನುತ್ತಾರೆ, ಹುಚ್ಚು ಜಾಲಿ ಅಂತ. ಅದರ ಬುಡಕ್ಕೆ ಅಂಟಿಸಿ ಕಟ್ಟಿದರೆ ಆಕಾಶಕ್ಕೆ ಎದುರಾಗಿ ಎದ್ದು ಕಾಣುವುದಿಲ್ಲ.

ಅಳತೆ: ಉದ್ದ 6 ಅಡಿ, ಅಗಲ 3, ಎತ್ತರ ಬರೀ 3. ಕೂರುವುದಕ್ಕಿಲ್ಲ, ಬೋರಲು ಮಲಗುವುದು. ಕಾಕಾ ಕೊಟ್ಟ ಬಿದಿರು ಗಳ ಏಳು. ಗೋಣಿಚೀಲ ಎಂಟು, ತಲಾ 25. ಹೊಲಿಗೆ ಬಿಚ್ಚಿ ಹಾಸಿ, ದಬ್ಬಳ ಮತ್ತು ಸುತ್ಲಿಯಲ್ಲಿ ಒಂದಕ್ಕೊಂದು ಸೇರಿಸಿ ಹೊಲಿದೆ. ಎರಡು ಸಂಜೆ ಹಿಡಿಯಿತು. ಬೆರಳಿಗೆ ಮೂರು ಸಲ ಚುಚ್ಚಿಕೊಂಡೆ. ಗೋಣಿ ಭಾರ ಇರುವುದರಿಂದ ಗಾಳಿಗೆ ಹೊಡೆದುಕೊಳ್ಳುವುದಿಲ್ಲ, ಒದ್ದೆಯಾದರೆ ಇನ್ನೂ ಒಳ್ಳೆಯದು. ಒಳಗಡೆ ಕಪ್ಪು ಬಟ್ಟೆಯ ಒಂದು ಪದರ. ಇಲ್ಲದಿದ್ದರೆ ಹಿಂದಿನ ಬೆಳಕಿಗೆ ಒಳಗೆ ಕೈ ಆಡಿಸಿದ್ದೆಲ್ಲ ಹೊರಗಿಂದ ನೆರಳಿನ ಹಾಗೆ ಕಾಣುತ್ತದೆ. ನೆಲಕ್ಕೆ ಟಾರ್ಪಾಲಿನ್. ಗೋಣಿ 200, ಸುತ್ಲಿ 40, ಬಟ್ಟೆ 200, ಟಾರ್ಪಾಲಿನ್ 180. ಒಟ್ಟು 620.

ಕ್ಯಾಮೆರಾ ಇಡಲು ಟ್ರೈಪಾಡ್ ತುಂಬಾ ಎತ್ತರ. ಕೋಟಿಂಗ್ ಕಿತ್ತುಹೋದ ನಾನ್‌ಸ್ಟಿಕ್ ಪ್ಯಾನ್ ಒಂದಿತ್ತು. ಅದರ ನಡುವೆ ತೂತು ಹೊಡೆಸಿ, ಕೆಳಗಿಂದ ಬೋಲ್ಟ್ ತೂರಿಸಿ, ಮೇಲೆ ಟ್ರೈಪಾಡ್ ಹೆಡ್ (ಕ್ಯಾಮೆರಾ ಹಿಡಿಯುವ ಭಾಗ) ಕೂರಿಸಿದರೆ ಕೆಸರಿನ ಮೇಲೆ ದೋಣಿಯ ಹಾಗೆ ಜಾರುತ್ತದೆ. ಇಲ್ಲಿ ಒಂದು ಪೆದ್ದುತನ ಮಾಡಿದೆ. ಹೆಡ್‌ನ ತೂತು ಕಣ್ಣಳತೆಯಲ್ಲಿ 10 ಎಂಎಂ ಅನ್ನಿಸಿತು, ಅದೇ ಬೋಲ್ಟ್ ತಂದೆ. ಹಿಡಿಯಲಿಲ್ಲ. ಬಲವಂತ ಮಾಡಿದ್ದಕ್ಕೆ ತೂತಿನ ಒಳಗಿನ ಮೊದಲ ಎರಡು ತಿರುಪಿನ ಸುತ್ತು ಸವೆಯಿತು. ಅದು ಎಂಟನೇ ಮೂರು ಇಂಚು, ಮಿಲಿಮೀಟರ್ ಲೆಕ್ಕದ್ದೇ ಅಲ್ಲ. ಅಂಗಡಿಯಲ್ಲಿ 'ತ್ರಣ್ ಸೂತ' (ಮೂರು ಸೂತದ ಬೋಲ್ಟ್) ಅಂದರೆ ತಕ್ಷಣ ಕೊಡುತ್ತಾರೆ. ಎಂಟು ಸೂತಕ್ಕೆ ಒಂದು ಇಂಚು. ಎರಡು ಬೋಲ್ಟ್, ವಾಷರ್, ತೂತು ಹೊಡೆಸಿದ್ದು ಸೇರಿ 75 ರೂಪಾಯಿ.

ಹೆಂಡತಿ ಪ್ಯಾನ್ ಕೊಡುವಾಗ ಒಂದೇ ಷರತ್ತು ಹಾಕಿದಳು. "ಆಮೇಲೆ ತೊಳೆದು ತಂದು ಒಗ್ಗರಣೆಗೆ ಇಟ್ಕೋ ಅನ್ಬೇಡಿ."

ಜೂನ್ 15ರಿಂದ 18: ಏನೂ ಮಾಡದ ನಾಲ್ಕು ದಿನ

ಹೈಡ್ ಕಟ್ಟಿ ಖಾಲಿ ಬಿಟ್ಟೆ. ಲೆನ್ಸ್ ಇರಬೇಕಾದ ಕಿಂಡಿಯಲ್ಲಿ ಕಪ್ಪು ಬಣ್ಣ ಹಚ್ಚಿದ ನೀರಿನ ಬಾಟಲಿ ತೂರಿಸಿಟ್ಟೆ. ದಿನಾ ಆ ಕರಿ ಮೂತಿ ಅಲ್ಲೇ ಇದ್ದರೆ, ಒಂದು ದಿನ ಅದು ನಿಜವಾದ ಲೆನ್ಸ್ ಆದರೆ ಹಕ್ಕಿಗೆ ಹೊಸದಲ್ಲ. ಕಾಕಾ ಸಂಜೆ ಫೋನಿನಲ್ಲಿ ವರದಿ ಕೊಡುತ್ತಿದ್ದರು. ಮೊದಲ ದಿನ ದೂರ. ಎರಡನೇ ದಿನ ಸ್ವಲ್ಪ ಹತ್ತಿರ. ನಾಲ್ಕನೇ ದಿನ: "ಒಂದು ಬಂದು ನಿಮ್ಮ ಗೋಣಿ ಪಕ್ಕದಲ್ಲೇ ಮೇಯ್ತಾ ಇತ್ತು."

ಜೂನ್ 19: ಹತ್ತಿರ ಇರೋದೇ ತಪ್ಪಾಯಿತು

ಒಳಗೆ ಹೋಗುವುದಕ್ಕೆ ಒಂದು ಹಳೆಯ ಉಪಾಯ. ಕಾಕಾ ಮತ್ತು ನಾನು ಇಬ್ಬರೂ ನಡೆದುಕೊಂಡು ಹೋದೆವು. ನಾನು ಒಳಗೆ ನುಸುಳಿದೆ. ಅವರು ನೀರು ಕಟ್ಟುವವರ ಹಾಗೆ ಗುದ್ದಲಿ ಹೆಗಲಿಗೇರಿಸಿ ವಾಪಸ್ ಹೋದರು. ಈ ಹಕ್ಕಿಗಳಿಗೆ ಗುದ್ದಲಿ ಹಿಡಿದ ಮನುಷ್ಯ ಅಂದರೆ ಎಮ್ಮೆ ಇದ್ದ ಹಾಗೆ, ತಲೆ ಎತ್ತಿಯೂ ನೋಡುವುದಿಲ್ಲ.

6:40ಕ್ಕೆ ಜೋಡಿ ಕೂಗಿತು. ಇದನ್ನು ಹತ್ತಿರದಿಂದ ಕೇಳಿದರೆ ಎದೆಗೂಡು ಅದುರುತ್ತದೆ. ಎರಡೂ ಕೊಕ್ಕು ಆಕಾಶಕ್ಕೆ. ಗಂಡು ಒಂದು ಸಲ ಕೂಗುವಷ್ಟರಲ್ಲಿ ಹೆಣ್ಣು ಎರಡು ಸಲ. ನೋಡಲು ಎರಡೂ ಒಂದೇ ಥರ. ಆದರೆ ಕೂಗುವಾಗ ಗಂಡು ರೆಕ್ಕೆಯನ್ನು ಬೆನ್ನ ಮೇಲೆ ಎತ್ತುತ್ತದೆ, ಹೆಣ್ಣು ಮಡಚಿಯೇ ಇಡುತ್ತದೆ. ಗುರುತು ಹಿಡಿಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಕೂಗಿದ ಐದು ನಿಮಿಷಕ್ಕೆ ಕುಣಿತ. ನನ್ನದು ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಫಲಕ ಸಣ್ಣದಿರುವ) ಕ್ಯಾಮೆರಾ, 150-600 ಎಂಎಂ ಜೂಮ್ ಲೆನ್ಸ್. ಸಂಖ್ಯೆ ಏರಿದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ದುಡ್ಡು ಕೊಟ್ಟಿದ್ದೇ 600ಕ್ಕೆ ಅಲ್ವಾ ಅಂತ 600ರಲ್ಲೇ ಇಟ್ಟುಕೊಂಡಿದ್ದೆ. ಬಂದ ಫೋಟೊಗಳು: ತಲೆ ಇಲ್ಲದ ಹಕ್ಕಿ, ಕಾಲು ಮಾತ್ರ, ಒಂದು ರೆಕ್ಕೆಯ ಮುಕ್ಕಾಲು ಭಾಗ, ಖಾಲಿ ನೀರು.

ಮನೆಗೆ ಬಂದು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಈ ಸೆನ್ಸರಿನಲ್ಲಿ 600 ಎಂಎಂ ಅಂದರೆ 40 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರ ಮಾತ್ರ ಚೌಕಟ್ಟಿಗೆ ಬರುತ್ತದೆ. ಸಾರಸ ಸುಮ್ನೆ ನಿಂತರೂ 1.8 ಮೀಟರ್! 150 ಎಂಎಂಗೆ ಇಳಿಸಿದರೆ ಆರು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರ. ಒಂದು ಹಕ್ಕಿ ನೆಗೆದು ಇನ್ನೊಂದು ಬಾಗಿದ್ದರೂ ಎರಡೂ ಹಿಡಿಸುತ್ತವೆ. ಇನ್ನೊಂದು ಸಮಸ್ಯೆ ಫೋಕಸ್. 600ರಲ್ಲಿ ಎಫ್ 6.3 (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ) ಇಟ್ಟರೆ ಆ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದು ಮೀಟರ್ ಅಷ್ಟೆ. ಗಂಡಿನ ಕಣ್ಣು ಸ್ಪಷ್ಟವಾಗಿದ್ದರೆ ಹೆಣ್ಣು ಮಂಜು.

ಅಂದರೆ ಇಡೀ ಯೋಜನೆಗೆ ಬೇಕಿದ್ದಿದ್ದು ದೊಡ್ಡ ಲೆನ್ಸಿನ ಸಣ್ಣ ತುದಿ, ಅಂದರೆ 150ರ ಕಡೆ. 200 ಎಂಎಂ ಲೆನ್ಸ್ ಇರುವವರು ಆರಾಮಾಗಿ ತೆಗೆಯಬಹುದು.

ಜೂನ್ 22: ಮಳೆ, ಮತ್ತು ಒಂದು ಬೆಳೆ

ಮೂರು ದಿನ ಚೆನ್ನಾಗಿ ಮಳೆ. ಗೋಣಿ ನೀರು ಕುಡಿದು ಚಾವಣಿ ಜೋತುಬಿತ್ತು. ಮಧ್ಯೆ ಇನ್ನೊಂದು ಬಿದಿರು ಕೊಟ್ಟು ಎತ್ತಿದೆ.

ಲೆನ್ಸಿನ ಮೂತಿಯ ಕೆಳಗೆ ಇಡಲು ಹಳೆ ಜೀನ್ಸಿನ ಕಾಲು ಕತ್ತರಿಸಿ ಚೀಲ ಹೊಲಿದು, ಕಾಕಾ ಕೊಟ್ಟ ಭತ್ತ ತುಂಬಿಸಿದ್ದೆ. ಅದನ್ನು ಹೈಡ್ ಒಳಗೇ ಬಿಟ್ಟು ಬಂದಿದ್ದೆ. ಇವತ್ತು ಎತ್ತಿದರೆ ಬೆಚ್ಚಗಿತ್ತು. ಹೊಲಿಗೆಯ ಸಂದಿಯಿಂದ ಬಿಳಿ ಮೊಳಕೆಗಳು ಇಣುಕುತ್ತಿದ್ದವು. ವಾಸನೆ ಬೇರೆ. ಕಾಕಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ನನ್ನ ಸಸಿಮಡಿಗಿಂತ ಚೆನ್ನಾಗಿ ಬಂದಿದೆ" ಅಂದರು. ಈಗ ಒಣ ಮರಳು ತುಂಬಿಸಿದ್ದೇನೆ, ಒಳಗೆ ಪ್ಲಾಸ್ಟಿಕ್ ಕವರ್ ಹಾಕಿ. ಭಾರ, ಆದರೆ ಮೊಳೆಯುವುದಿಲ್ಲ.

ಜೂನ್ 24: ಅರ್ಧ ಸರಿ

ಲೆನ್ಸ್ 180ರಲ್ಲಿ. ಚೌಕಟ್ಟು ಸರಿ. ಮೋಡ ಇತ್ತು ಅಂತ ಶಟರ್ ವೇಗ 1/500 ಸೆಕೆಂಡ್ ಇಟ್ಟೆ. ಮೈ ಸ್ಪಷ್ಟ, ರೆಕ್ಕೆಯ ಕಪ್ಪು ತುದಿಗರಿಗಳು ಹೊಗೆ. ಕೆಲವರಿಗೆ ಅದು ಇಷ್ಟ ಆಗಬಹುದು, ನನಗಲ್ಲ. ಜೊತೆಗೆ ಫೋಕಸ್ ಪಾಯಿಂಟ್ ಎಲ್ಲವನ್ನೂ ತೆರೆದಿಟ್ಟಿದ್ದರಿಂದ ಕ್ಯಾಮೆರಾ ಮುಂದಿನ ಜೊಂಡನ್ನು ಪ್ರೀತಿಯಿಂದ ಹಿಡಿದುಕೊಂಡಿತು. 140 ಫೋಟೊದಲ್ಲಿ ಜೊಂಡು ಅದ್ಭುತವಾಗಿದೆ.

ಜೂನ್ 27: ಆಯಿತು

ಶಟರ್ 1/2000, ಎಫ್ 8, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ, ಹೆಚ್ಚೆಂದರೆ 3200. ಫೋಕಸ್ ಒಂದೇ ಪಾಯಿಂಟ್, ಗಂಡಿನ ಎದೆಯ ಮೇಲೆ. 180 ಎಂಎಂ. ಕೆಂಪು ತಲೆಯ ಬಣ್ಣ ಬಿಸಿಲಿಗೆ ಒಂದೇ ಮುದ್ದೆಯಾಗುತ್ತದೆ, ಆದ್ದರಿಂದ ಬೆಳಕು ಸ್ವಲ್ಪ ಕಡಿಮೆ ಮಾಡಿಕೊಂಡೆ.

6:52. ಎರಡೂ ಮೇಯುತ್ತಿದ್ದವು. ಹೆಣ್ಣು ತಲೆ ಎತ್ತಿ ಗಂಡಿನ ಕಡೆ ನೋಡಿತು. ಗಂಡು ನೀರಿನಿಂದ ಒಂದು ಜೊಂಡಿನ ಬೇರು ಕಿತ್ತು, ಮಣ್ಣಿನ ಸಮೇತ ತಲೆಯ ಮೇಲಕ್ಕೆ ಎಸೆಯಿತು. ಬೇರು ಬಿದ್ದಿದ್ದು ಹೆಣ್ಣಿನ ಬೆನ್ನಿನ ಪಕ್ಕ. ಹೆಣ್ಣು ಬಾಗಿತು, ಎಷ್ಟು ಬಾಗಿತು ಅಂದರೆ ಕೊಕ್ಕು ನೀರಿಗೆ ತಾಗಿತು. ಆಮೇಲೆ ಎರಡೂ ರೆಕ್ಕೆ ಅರ್ಧ ಬಿಚ್ಚಿಕೊಂಡು ಒಂದರ ಸುತ್ತ ಒಂದು ಓಡಿದವು. ಗಂಡು ನೆಗೆಯಿತು. ಕಾಲು ಸಡಿಲವಾಗಿ ಜೋತಾಡುತ್ತಿತ್ತು, ಬೆರಳ ತುದಿಯಿಂದ ನೀರು ಎಳೆಯಾಗಿ ಇಳಿಯುತ್ತಿತ್ತು. ಇಳಿಯುವಾಗ ಸ್ವಲ್ಪ ಎಡವಿತು. ಇಷ್ಟು ದೊಡ್ಡ ಹಕ್ಕಿ ಎಡವಿದ್ದು ನೋಡಿ ನಗು ಬಂತು, ಬಾಯಿಗೆ ತೋಳು ಒತ್ತಿಕೊಂಡೆ.

ಒಟ್ಟು ಮುಕ್ಕಾಲು ನಿಮಿಷ. ಮುಗಿದ ಮೇಲೆ ಹೆಣ್ಣು ಗರಿ ತೀಡಿಕೊಂಡಿತು. ಗಂಡು ಅದೇ ಬೇರು ಹುಡುಕಿ ತಿಂದಿತು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರೂ ಪ್ರಶ್ನೆಗೆ ಸರಿಯಾದ ಉತ್ತರ ಬಿದ್ದಿದ್ದು ಅವತ್ತೇ ಮೊದಲು. ಇಟ್ಟುಕೊಂಡ 11ರಲ್ಲಿ ಏಳು ಈ ದಿನದ್ದು.

8:30ರ ಮೇಲೆ ತೆಗೆದಿದ್ದು ಒಂದೂ ಉಳಿಯಲಿಲ್ಲ. ನೀರಿನ ಮೇಲಿನ ಬಿಸಿಗಾಳಿ ಕುದಿಯುವ ಹಾಗೆ ಕಾಣುತ್ತದೆ, ಯಾವ ಲೆನ್ಸೂ ಅದನ್ನು ದಾಟುವುದಿಲ್ಲ. ಬಿಸಿಲಿದ್ದ ದಿನ ಅಷ್ಟು ಹೊತ್ತಿಗೆ ಮುಗಿಸಿಬಿಡಿ. ಹೊರಗೆ ಬರುವುದು ಮಾತ್ರ ಹಕ್ಕಿ ದೂರ ಹೋದ ಮೇಲೆ, ಇಲ್ಲ ಕಾಕಾ ಗುದ್ದಲಿ ಹಿಡಿದು ಬಂದ ಮೇಲೆ. ಒಂದು ದಿನ ಅವರು ಮದುವೆ ಊಟಕ್ಕೆ ಹೋಗಿ ನಾನು 11:15ರವರೆಗೆ ಒಳಗೇ ಬೆಂದೆ. ಎರಡು ಲೀಟರ್ ನೀರು ಸಾಲದು.

ಜುಲೈ 4: ಕುಣಿತ ಕಡಿಮೆ

ಪಕ್ಕದ ಗದ್ದೆಗಳಲ್ಲಿ ನಾಟಿ ಶುರು. ಜೋಡಿ ಕುಣಿಯಲಿಲ್ಲ. ಬದಲಿಗೆ ಎರಡೂ ಜೊಂಡು, ಹುಲ್ಲು ಕಿತ್ತು ಒಂದೇ ಕಡೆ ಎಸೆಯುತ್ತಿದ್ದವು. ಹೈಡ್‌ನಿಂದ 30 ಮೀಟರ್ ಇರಬಹುದು. ನಾನು ಆಟ ಅಂದುಕೊಂಡೆ.

ಜುಲೈ 9

ಕಾಕಾ ಫೋನ್: "ಗುಡ್ಡೆ ದೊಡ್ಡದಾಗಿದೆ. ನೀವು ಇನ್ನು ಬರಬೇಡಿ ಅನ್ನಿಸುತ್ತೆ."

ಆಟ ಅಂದುಕೊಂಡಿದ್ದು ಗೂಡಾಗಿತ್ತು. ಹೋಗಬಾರದು ಅಂತ ನನಗೂ ಅನ್ನಿಸಿತು. ಒಂದು ಮನಸ್ಸು, ಗೂಡಿನ ಫೋಟೊ ಎರಡೇ ಎರಡು, ಅಂತ ಹೇಳುತ್ತಲೇ ಇತ್ತು. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಒಂದು ತಿಂಗಳು ಕಾವು, ಗಂಡು ಹೆಣ್ಣು ಪಾಳಿ ಮೇಲೆ ಕೂರುತ್ತವೆ. ನನ್ನಿಂದಾಗಿ ಅರ್ಧ ಗಂಟೆ ಎದ್ದು ಹೋದರೆ ಕಾಗೆಗೆ ಅಷ್ಟು ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಮಾಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ.

ಜುಲೈ 11: ಬಿಚ್ಚಿದ್ದು

ಮಧ್ಯಾಹ್ನ ಜೋಡಿ ಕಾಲುವೆಯ ಆಚೆ ಮೇಯಲು ಹೋದಾಗ ಕಾಕಾ ಮತ್ತು ನಾನು ಹತ್ತು ನಿಮಿಷದಲ್ಲಿ ಬಿಚ್ಚಿದೆವು. ಗೋಣಿಯ ಕೆಳಗೆ ಒಂದು ಕಪ್ಪೆ, ಲೆಕ್ಕವಿಲ್ಲದಷ್ಟು ಇರುವೆ. ಪ್ಯಾನ್‌ನ ಬೋಲ್ಟ್ ತುಕ್ಕು ಹಿಡಿದು ಹೆಡ್‌ಗೆ ಕಚ್ಚಿಕೊಂಡಿದೆ, ಇನ್ನೂ ಬಿಡಿಸಲು ಆಗಿಲ್ಲ. ಸೀಮೆಎಣ್ಣೆ ಹಾಕಿಟ್ಟಿದ್ದೇನೆ.

ಖರ್ಚು: ಮೊದಲನೇ ಹೈಡ್ 1,910, ಎರಡನೆಯದು 620, ಪ್ಯಾನ್ 75, 16 ಸಲದ ಪೆಟ್ರೋಲ್ 1,920. ಒಟ್ಟು 4,525. ಮೊದಲನೆಯದನ್ನು ಕಟ್ಟದೇ ಇದ್ದಿದ್ದರೆ 2,615ರಲ್ಲಿ ಮುಗಿಯುತ್ತಿತ್ತು.

ಪಿವಿಸಿ ಚೌಕಟ್ಟು ಹಾಳಾಗಲಿಲ್ಲ. ಕಾಕಾ ಅದನ್ನು ಮನೆ ಹಿಂದೆ ನಿಲ್ಲಿಸಿ, ಜಾಯಿಂಟ್‌ಗಳಿಗೆಲ್ಲ ಸಲ್ಯೂಷನ್ ಹಾಕಿ, ಮೇಲೆ ಅದೇ ಹಸಿರು ನೆಟ್ ಎಳೆದಿದ್ದಾರೆ. ಒಳಗೆ ಮೆಣಸಿನ ಸಸಿ ಇಟ್ಟಿದ್ದಾರೆ. ನಿನ್ನೆ ಫೋಟೊ ಕಳಿಸಿದ್ದರು. ಹಿನ್ನೆಲೆಯಲ್ಲಿ, ತುಂಬಾ ದೂರದಲ್ಲಿ, ಜೊಂಡಿನ ನಡುವೆ ಒಂದು ಕೆಂಪು ಚುಕ್ಕೆ ಕಾಣುತ್ತಿದೆ. ಕೂತಿದೆ.